ಕೈಪಂಪು ಮತ್ತು ಹದಿನೆಂಟು ಪಾರಿವಾಳ

ಗಾರೆಯವನ ಹೆಂಡತಿ ಆ ಮನೆಯನ್ನು ಒಪ್ಪಿದ್ದು ಅಡಿಗೆಮನೆಯ ಕೈಪಂಪಿಗಾಗಿ. ನೋಡಲು ಹೋದ ದಿನ ಗಂಡ ಗೋಡೆಗಳನ್ನು ಬೆರಳ ಗೆಣ್ಣಿನಿಂದ ತಟ್ಟುತ್ತ ಕೋಣೆಯಿಂದ ಕೋಣೆಗೆ ಹೋಗುತ್ತಿದ್ದರೆ, ಅವಳು ಮೂಲೆಯ ಕಲ್ಲುಕಟ್ಟೆಯ ಮೇಲಿದ್ದ ಪಂಪಿನ ಹಿಡಿಯನ್ನು ಮೂರು ಸಲ ಒತ್ತಿದ್ದಳು. ಮೂರನೆಯದಕ್ಕೆ ನೀರು ಬಂತು, ತಣ್ಣಗೆ, ತಿಳಿಯಾಗಿ. ಅವಳ ಹೊಟ್ಟೆಯ ಆಪರೇಷನ್ ಆಗಿ ಆಗ ವರ್ಷವಾಗಿತ್ತು. ಭಾರ ಎತ್ತಬೇಡ ಎಂದಿದ್ದರು ಡಾಕ್ಟರು. ಅವರಿಗೆ ಹೇಳುವುದು ಸುಲಭ. ಬಾಡಿಗೆ ಮನೆಗೆ ದಿನಕ್ಕೆ ಹದಿನಾಲ್ಕು ಕೊಡ ನೀರು ಅವಳ ಸೊಂಟದ ಮೇಲೆಯೇ ಬರಬೇಕಿತ್ತು. "ಇದೇ ಇರಲಿ" ಎಂದು ಗಂಡನಿಗೆ ಅಲ್ಲೇ ಹೇಳಿದಳು.

ಮಾರುತ್ತಿದ್ದವನು ನೀರು ಸರಬರಾಜಿನ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾಗಿದ್ದ ಫಿಟ್ಟರು. "ನನ್ನ ಕೈಯಾರೆ ಇಳಿಸಿದ ಪಂಪು ತಂಗಿ. ಹದಿನೇಳು ವರ್ಷದಲ್ಲಿ ಒಂದು ದಿನ ಕೈಕೊಟ್ಟಿಲ್ಲ" ಎಂದು ನಕ್ಕಿದ್ದ.

ಕ್ರಯಪತ್ರವಾದ ಮೇಲೆ ಗಾಡಿಯಲ್ಲಿ ಸಾಮಾನು ಹೇರಿಕೊಂಡು ಬಂದಾಗ ಕಟ್ಟೆಯ ಮೇಲೆ ಪಂಪಿರಲಿಲ್ಲ. ಗೇಣುದ್ದ ಮೇಲೆದ್ದ ಪೈಪಿನ ಬಾಯಿಗೆ ಹಳೆಯ ಬನಿಯನ್ನಿನ ಚೂರು ತುರುಕಿತ್ತು. ಬಾಗಿಲುಗಳಿಗೆ ಚಿಲಕವಿರಲಿಲ್ಲ. ಎರಡು ಕಿಟಕಿಯ ಕಬ್ಬಿಣದ ಜಾಲರಿ, ಬಲ್ಬಿನ ಹೋಲ್ಡರುಗಳು, ಬಟ್ಟೆ ಒಣಹಾಕುವ ಸರಳು, ಕೊನೆಗೆ ಗೋಡೆಯ ಮೊಳೆ ಕೂಡ ಹೋಗಿದ್ದವು. ಹಾಗಂತ ಮನೆ ಖಾಲಿಯೂ ಇರಲಿಲ್ಲ. ಹಿಂದಿನ ಕೋಣೆಯಲ್ಲಿ ಮೂರು ಕಾಲಿನ ಕುರ್ಚಿಗಳು, ತಳ ಒಡೆದ ಬಕೇಟುಗಳು, ಒಂದು ಚೀಲದ ತುಂಬ ಸವೆದ ಬೂಟು. ಬೇಕಾದ್ದು ತನಗೆ, ಬೇಡವಾದ್ದು ಕೊಂಡವರಿಗೆ.

ಗಾರೆಯವನು ಕೈ ಕೂಡ ತೊಳೆಯದೆ ಫಿಟ್ಟರನ್ನು ಹುಡುಕಿಕೊಂಡು ಹೋದ. ಅವನು ಆಸ್ಪತ್ರೆಯ ಬೀದಿಯಲ್ಲಿ ಮಹಡಿಯ ಮೇಲೆ ಎರಡು ಕೋಣೆ ಹಿಡಿದಿದ್ದ. ಹೆಂಡತಿಗೆ ಎಡಭಾಗ ಸ್ವಾಧೀನ ತಪ್ಪಿ, ಮಾತು ನಿಂತುಹೋಗಿತ್ತು. ಮನೆ ಮಾರಿದ್ದೇ ಅದಕ್ಕೆ.

"ಪತ್ರದಲ್ಲಿ ಪಂಪು ಅಂತ ಎಲ್ಲಾದರೂ ಬರೆದಿದೆಯಾ, ತೋರಿಸು" ಎಂದ ಫಿಟ್ಟರು.

"ಬಾಗಿಲು ಅಂತಲೂ ಬರೆದಿಲ್ಲ. ಅದನ್ನ ಯಾಕೆ ಬಿಟ್ಟುಬಂದ್ರಿ ಯಜಮಾನರೇ? ಭಾರ ಆಯ್ತಾ?"

"ಬೋಲ್ಟು ಬಿಚ್ಚಿದರೆ ಕೈಗೆ ಬರೋದೆಲ್ಲ ಕೂರಿಸಿದವನದು. ಅದು ನಮ್ಮ ಕಸುಬಿನ ನ್ಯಾಯ."

"ಈ ಮಹಡಿ ಮೇಲೆ ಪಂಪು ಇಟ್ಟುಕೊಂಡು ಮೋಡದಿಂದ ನೀರು ಎತ್ತುತ್ತೀರಾ?"

"ಎತ್ತುತ್ತೀನೋ, ಕರಗಿಸಿ ಕುಡೀತೀನೋ. ನೀನು ಗಾರೆ ಕಲಸೋನು, ನಿನಗ್ಯಾಕೆ?"

ಗಾರೆಯವನು ಬಂದ ದಾರಿಗೆ ಸುಂಕವಿಲ್ಲ ಎನ್ನುವಂತೆ ವಾಪಸಾದ. ಮಾರನೆಯ ಬೆಳಗಿನಿಂದ ಅವನ ಹೆಂಡತಿ ಎರಡು ಬೀದಿ ದಾಟಿ ನಲ್ಲಿಗೆ ನಿಂತಳು. "ಸ್ವಂತ ಮನೆ ಆಯ್ತಂತೆ, ನೀರು ಮಾತ್ರ ಊರಿನದೇನಮ್ಮ?" ಎಂದಳು ಸಾಲಿನಲ್ಲಿದ್ದೊಬ್ಬಳು. ಸಂಜೆಯ ಹೊತ್ತಿಗೆ ಹೊಲಿಗೆ ಹಾಕಿದ ಜಾಗ ಸೂಜಿಯಾಡಿಸಿದಂತೆ ಚುಚ್ಚುತ್ತಿತ್ತು.

ಪಾರಿವಾಳಗಳು ಬಂದದ್ದು ಮೂರನೆಯ ದಿನ. ಹಿತ್ತಿಲ ಗೋಡೆಯಲ್ಲಿ ಹನ್ನೆರಡು ಗೂಡುಗಳಿದ್ದವು. ಗೂಡೆಂದರೆ ಗೋಡೆಯೊಳಗಿನ ಬರೀ ತೂತು. ತೂತನ್ನು ಬಿಚ್ಚಿಕೊಂಡು ಹೋಗುವ ಸ್ಪ್ಯಾನರ್ ಫಿಟ್ಟರಲ್ಲಿ ಇರಲಿಲ್ಲ. ತಾನು ಸಾಕಿದ್ದ ಪಾರಿವಾಳಗಳನ್ನು ಬುಟ್ಟಿಯಲ್ಲಿ ತುಂಬಿ ಮಹಡಿಗೆ ಒಯ್ದಿದ್ದ. ಅಲ್ಲಿ ಬಾಗಿಲು ತೆರೆದದ್ದೇ ತಡ, ಹದಿನೆಂಟಕ್ಕೆ ಹದಿನೆಂಟೂ ಹುಟ್ಟಿದ ಗೋಡೆ ಹುಡುಕಿಕೊಂಡು ಹಾರಿಬಂದವು. ಅವುಗಳ ಬೆನ್ನಿಗೇ ಫಿಟ್ಟರೂ ಬಂದ. ಗಾರೆಯವನ ಹೆಂಡತಿ ಬಾಗಿಲು ತೆರೆದಳು. ಅವನು ಹಿಡಿದು ತುಂಬಿಕೊಂಡು ಹೋದ. ಎರಡು ದಿನಕ್ಕೆ ಮತ್ತೆ ಬಂದವು, ಮತ್ತೆ ಬಂದ. ಆ ಸಲ ಗಾರೆಯವನು ಮನೆಯಲ್ಲಿದ್ದ.

"ನಾಲ್ಕು ಎಲ್ಲೆಯ ಒಳಗೆ ಇರೋದೆಲ್ಲ ನನ್ನದು ಅಂತ ಪತ್ರದಲ್ಲಿ ಬರೆದಿದೆ. ಗೋಡೆ ನನ್ನದು, ಗೋಡೆಯೊಳಗೆ ಕೂತಿರೋದೂ ನನ್ನದು. ಪಂಪು ತನ್ನಿ, ಹಕ್ಕಿ ಒಯ್ಯಿರಿ."

ಫಿಟ್ಟರು ಬುಟ್ಟಿ ಕೆಳಗಿಟ್ಟ. "ನಮ್ಮವಳು ಮಂಚದಿಂದ ಅವನ್ನೇ ನೋಡ್ತಾ ಇರೋಳು. ಬೆರಳು ಮಡಿಸಿ ಎಣಿಸೋಳು. ಅವು ಹೋದಾಗಿನಿಂದ ತುತ್ತು ಬಾಯಿಗಿಟ್ಟರೆ ಉಗುಳ್ತಾಳೆ."

"ನಮ್ಮವಳ ಹೊಲಿಗೆ ಬಿಚ್ಚೋ ಹಾಗಾಗಿದೆ. ಅದನ್ನ ಕೂರಿಸಿದವರು ಯಾರೋ, ಅವರೇ ಬಿಚ್ಚಿಕೊಂಡು ಹೋಗಲಿ ಅಂತೀರಾ?"

"ಹಕ್ಕೀನೂ ಪಂಪನ್ನೂ ಒಂದೇ ತಕ್ಕಡೀಲಿ ತೂಗ್ತೀಯಲ್ಲ. ನೀನು ಮನುಷ್ಯನಲ್ಲ" ಎಂದು ಖಾಲಿ ಬುಟ್ಟಿ ಎತ್ತಿಕೊಂಡು ಹೊರಟ.

ಆ ಮಾತು ಗಾರೆಯವನಿಗೆ ನಾಟಿತು. ಅವನು ಕೂಗಾಡುವವನಲ್ಲ. ಮರುದಿನ ನಸುಕಿನಲ್ಲಿ ಎದ್ದ. ಆ ಹೊತ್ತಿಗೆ ಪಾರಿವಾಳಗಳು ಹಿಟ್ಟಿನ ಉಂಡೆಗಳಂತೆ ಕೂತಿರುತ್ತವೆ, ಕೈಹಾಕಿದರೆ ಮಿಸುಕುವುದಿಲ್ಲ. ಹೆಂಡತಿ ಚೀಲದ ಬಾಯಿ ಅಗಲಿಸಿ ಹಿಡಿದಳು. ಹದಿನಾರನ್ನು ಕೆಲಸಕ್ಕೆ ಹೋಗುವ ದಾರಿಯಲ್ಲಿ ಮಾಂಸದ ಅಂಗಡಿಗೆ ಕೊಟ್ಟ. ಎರಡನ್ನು ಮನೆಗೆ ಉಳಿಸಿದ. ಅವಳು ನಲ್ಲಿಯಿಂದ ತಂದ ನೀರಿನಲ್ಲಿ ಅವನ್ನು ಬೇಯಿಸಿ, ಪುಕ್ಕ ಗುಡಿಸಿ, ತಿಪ್ಪೆಗೆ ಸುರಿದು ಕೈ ತೊಳೆಯುವಷ್ಟರಲ್ಲಿ ಮುಂಬಾಗಿಲ ಹತ್ತಿರ ಗಾಡಿ ನಿಂತ ಸದ್ದಾಯಿತು.

ಗಾಡಿಯಲ್ಲಿ ಪಂಪಿತ್ತು. ಪಕ್ಕದಲ್ಲಿ ಫಿಟ್ಟರು, ಗಡ್ಡ ಬಿಟ್ಟುಕೊಂಡು.

"ಸೋತೆ ತಂಗಿ" ಎಂದ. "ನಮ್ಮವಳು ನಿನ್ನೆಯಿಂದ ಬರೀ ನೀರಿನ ಮೇಲಿದ್ದಾಳೆ. ನಿನ್ನ ಗಂಡ ಗೆದ್ದ ಅನ್ನು."

ಅವಳು ಪಂಪನ್ನು ನೋಡಿದಳು, ಅವನನ್ನು ನೋಡಿದಳು, ಮತ್ತೆ ಪಂಪನ್ನು ನೋಡಿದಳು. ಹೇಳಿಬಿಟ್ಟರೆ ಗಾಡಿ ಹಾಗೇ ತಿರುಗುತ್ತದೆ.

"ಹಿತ್ತಿಲು ಸುಮ್ಮನಿದೆಯಲ್ಲ, ಗುಟುರೇ ಕೇಳ್ತಿಲ್ಲ" ಎಂದ ಅವನು.

"ಮೇಯಕ್ಕೆ ಹೋಗಿವೆ ಅಣ್ಣ. ಕೊಯ್ಲಾಗಿರೋ ಗದ್ದೆ ಕಡೆ."

"ಹೂಂ, ಈಗ ಕಾಳು ಉದುರಿರುತ್ತೆ" ಎಂದು ಅವನೇ ಅದಕ್ಕೆ ಒತ್ತಾಸೆ ಕೊಟ್ಟ.

ಅವನು ಕೆಲಸ ಮುಗಿಯುವ ಮೊದಲು ಕೂಲಿ ಕೇಳುವ ಜಾತಿಯವನಾಗಿರಲಿಲ್ಲ. ಮೂವತ್ತು ವರ್ಷವೂ ಹಾಗೆಯೇ: ನೀರು ಬಂದು, ಒಂದು ಕೊಡ ತುಂಬಿ, ಒಂದು ಹನಿ ಸೋರದಿದ್ದರೆ ಆಮೇಲೆ ಮಾತು. ಇನ್ನೊಬ್ಬನಾಗಿದ್ದರೆ ಮೊದಲು ಹಕ್ಕಿ ತೋರಿಸು ಎನ್ನುತ್ತಿದ್ದ. ಇವನು ಮೊಣಕಾಲೂರಿ ಕುಳಿತು ಬನಿಯನ್ನಿನ ಚೂರನ್ನು ಕಿತ್ತ. ಹೊಸ ಚರ್ಮದ ವಾಷರನ್ನು ರಾತ್ರಿಯೇ ಎಣ್ಣೆಯಲ್ಲಿ ನೆನೆಹಾಕಿ ತಂದಿದ್ದ. ಅದನ್ನು ಕೂರಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದ.

"ಒಂದು ಚೆಂಬು ನೀರು ಕೊಡು. ಪಂಪಿಗೆ ಮೊದಲು ಕುಡಿಸಬೇಕು, ಆಮೇಲೆ ಅದು ಕೊಡುತ್ತೆ."

ಅವಳು ಹೊತ್ತು ತಂದ ನೀರಿನಲ್ಲಿ ಒಂದು ಚೆಂಬು ಕೊಟ್ಟಳು. ನಾಲ್ಕನೆಯ ಒತ್ತಿಗೆ ನೀರು ಧಾರೆಯಾಗಿ ಬಿತ್ತು. ವರ್ಷಕ್ಕೊಮ್ಮೆ ವಾಷರಿಗೆ ಎಣ್ಣೆ ಹೇಗೆ ತೋರಿಸಬೇಕು, ಹಿಡಿಯನ್ನು ಎಲ್ಲಿ ಹಿಡಿದರೆ ಹೊಟ್ಟೆಗೆ ಭಾರ ಬೀಳುವುದಿಲ್ಲ ಎಂಬುದನ್ನೆಲ್ಲ ಅವನು ಒಡಹುಟ್ಟಿದವಳಿಗೆ ಹೇಳಿದಂತೆ ಹೇಳಿಕೊಟ್ಟ. ಒಂದು ಗಳಿಗೆ ನಿಜ ಅವಳ ನಾಲಿಗೆ ತುದಿಗೆ ಬಂತು. ನುಂಗಿಕೊಂಡು, ಇನ್ನೊಂದು ಕೊಡ ತುಂಬಿದಳು.

ಅವನು ಹಿತ್ತಿಲಲ್ಲಿ ಬುಟ್ಟಿ ಪಕ್ಕಕ್ಕಿಟ್ಟುಕೊಂಡು ಆಕಾಶ ನೋಡುತ್ತ ಕುಳಿತ. ಸಂಜೆ ಗಾರೆಯವನು ಬಂದ. ಹಿಡಿ ಒತ್ತಿ, ಕೈಕಾಲು ತೊಳೆದು, ಹೆಂಡತಿಯ ಕಡೆ ತಿರುಗಿ ಪಿಸುಗುಟ್ಟಿದ:

"ಹೇಳಿದೆಯಾ?"

"ಇಲ್ಲ. ಮೇಯಕ್ಕೆ ಹೋಗಿವೆ ಅಂದೆ."

ಗಾರೆಯವನು ನೀರು ಸೋರುವ ಕೈಗಳನ್ನು ಒರೆಸಿಕೊಂಡ. "ಕಿಟಕಿಯ ಜಾಲರಿ ಇನ್ನೂ ಅವನ ಹತ್ತಿರವೇ ಇದೆ. ಚಿಲಕಗಳೂ" ಎಂದ.

ಅವಳು ಹಿತ್ತಿಲಿಗೆ ಹೋದಳು. "ಅಣ್ಣ, ಮನೆ ಹೊಸ ಜನರದಾಯ್ತಲ್ಲ, ಅವಕ್ಕೆ ಹೆದರಿಕೆ. ಒಂದೊಂದು ದಿನ ಹೊರಗೇ ತಂಗುತ್ತವೆ. ಕಿಟಕಿಗೆ ಜಾಲರಿ ಇಲ್ಲದೆ ಬೆಕ್ಕು ಬೇರೆ ಓಡಾಡ್ತಿದೆ."

ಫಿಟ್ಟರು ತಲೆಯಾಡಿಸಿದ. ಬೆಕ್ಕಿನ ಮಾತು ಅವನಿಗೆ ಸರಿಯೆನಿಸಿತು.

ಮರುದಿನ ಜಾಲರಿಗಳು ಬಂದವು. ಹೊತ್ತು ಮುಳುಗುವವರೆಗೆ ಕೂತು ಹೋದ. ಅದರ ಮರುದಿನ ಚಿಲಕಗಳು. ಬಾಗಿಲು ಬಡಿದುಕೊಂಡರೆ ಹಕ್ಕಿ ಹೆದರುತ್ತವೆ ಎಂದಿದ್ದಳು. ಆಮೇಲೆ ಹೋಲ್ಡರುಗಳು, ಬಟ್ಟೆಯ ಸರಳು. ಒಂದು ದಿನ ಹಿಂದಿನ ಕೋಣೆಯ ಬೂಟು, ಬಕೇಟುಗಳನ್ನೆಲ್ಲ ಹೊತ್ತು ಹಾಕಿ ನೆಲ ಗುಡಿಸಿದ. ತಂದ ಕಾಳನ್ನು ದಿನಾ ಹಿತ್ತಿಲಲ್ಲಿ ಚೆಲ್ಲಿ ಹೋಗುತ್ತಿದ್ದ. ಬೆಳಿಗ್ಗೆ ಅವಳು ಗುಡಿಸಿಬಿಡುತ್ತಿದ್ದಳು, ಹಕ್ಕಿ ಬಂದು ತಿಂದಂತೆ ಕಾಣಲಿ ಎಂದು.

"ಕಾಳು ಖಾಲಿಯಾಗಿದೆ" ಎನ್ನುತ್ತಿದ್ದ ಅವನು ನೆಲ ನೋಡಿ, ಮುಖ ಅರಳಿಸಿ. "ಬಂದಿದ್ದವು ಅಲ್ವಾ?"

"ನಸುಕಿಗೇ ಬಂದು ಹೋದವು. ಐದೋ ಆರೋ."

"ನಮ್ಮವಳಿಗೆ ಹೇಳ್ತೀನಿ. ಆರು ಅಂದ್ರೆ ಎರಡು ತುತ್ತಾದರೂ ತಿಂತಾಳೆ."

ಒಂಬತ್ತನೆಯ ದಿನ ಅವನು ಮೊಳೆಗಳನ್ನು ತಂದ. ಹಳೆಯ ಡಬ್ಬಿಯಲ್ಲಿ, ಬಗ್ಗಿದ್ದನ್ನೆಲ್ಲ ತಟ್ಟಿ ನೇರ ಮಾಡಿ. ಅವು ಇದ್ದ ತೂತುಗಳಲ್ಲೇ ಹೊಡೆದ. ಗಾರೆಯವನು ಆ ದಿನ ಕೆಲಸಕ್ಕೆ ಹೋಗದೆ, ಬಾಗಿಲಿಗೊರಗಿ ನಿಂತು ನೋಡುತ್ತಿದ್ದ. ಕೊನೆಯ ಮೊಳೆಯಾದ ಮೇಲೆ ಕೇಳಿದ:

"ಇನ್ನೇನಾದರೂ ಉಳಿದಿದೆಯಾ ಯಜಮಾನರೇ, ನಮ್ಮ ಮನೇದು?"

"ಇಲ್ಲ. ಎಲ್ಲ ಆಯ್ತು."

ಗಾರೆಯವನು ಹೆಂಡತಿಯ ಕಡೆ ಗದ್ದ ಎತ್ತಿ ಸನ್ನೆ ಮಾಡಿದ. ಹೇಳುವ ಕೆಲಸ ಅವಳದೇ ಎನ್ನುವಂತೆ.

"ಹಕ್ಕಿ ಇಲ್ಲ ಅಣ್ಣ. ಅಂಗಡಿಗೆ ಕೊಟ್ಟಾಯ್ತು."

ಫಿಟ್ಟರು ಸುತ್ತಿಗೆಯನ್ನು ಚೀಲಕ್ಕೆ ಹಾಕುತ್ತಿದ್ದವನು ಹಾಕಿಯೇ ಮುಗಿಸಿದ. "ಯಾವತ್ತು?"

"ನೀವು ಪಂಪು ತಂದಿರಲ್ಲ, ಅವತ್ತು ಬೆಳಿಗ್ಗೆ."

ಅವನು ಬೆರಳು ಮಡಿಸಿ ದಿನ ಎಣಿಸಿದ. ಅವಳು ಮೆಲ್ಲನೆ ಅಡಿಗೆಮನೆಯ ಬಾಗಿಲಿಗೆ ಅಡ್ಡ ನಿಂತಳು. ಇವನು ಸ್ಪ್ಯಾನರ್ ಹಿಡಿದು ಒಳಗೆ ನುಗ್ಗಿದರೆ ನಾಲ್ಕು ಬೋಲ್ಟು ಬಿಚ್ಚುವುದು ಎಷ್ಟು ಹೊತ್ತು. ಗಾರೆಯವನೂ ಒರಗಿದ್ದ ಬೆನ್ನನ್ನು ನೆಟ್ಟಗೆ ಮಾಡಿದ. ಆದರೆ ಫಿಟ್ಟರ ಕಣ್ಣು ಪಂಪಿನ ಕಡೆ ಹೊರಳಲೇ ಇಲ್ಲ.

"ಒಂಬತ್ತು ದಿನದಿಂದ ನಾನು ಅವಳಿಗೆ ನಿನ್ನ ಮಾತನ್ನೇ ಒಯ್ದು ಹೇಳಿದ್ದು" ಎಂದ. "ಐದು ಬಂದವಂತೆ, ಆರು ಬಂದವಂತೆ ಅಂತ. ಇವತ್ತು ಏನು ಹೇಳಲಿ?"

ಅವನು ಚೀಲವನ್ನು ಹೆಗಲಿಗೇರಿಸಿದ.

"ನನಗೆ ಸುಳ್ಳು ಬರಲ್ಲ ತಂಗಿ. ಬಾಯಿ ತೆಗೆದರೆ ಅವಳಿಗೆ ಗೊತ್ತಾಗುತ್ತೆ. ನೀನು ಚೆನ್ನಾಗಿ ಹೇಳ್ತೀಯ. ಒಂದು ಗಳಿಗೆ ಬಂದು ನೀನೇ ಒಂದು ಹೇಳಿ ಬಾ. ಗಾಡಿ ಇದೆ, ಕರ್ಕೊಂಡು ಹೋಗಿ ವಾಪಸ್ ತಂದು ಬಿಡ್ತೀನಿ."

ಅವನು ಕುಹಕವಾಡುತ್ತಿಲ್ಲ, ನಿಜವಾಗಿಯೇ ಕೇಳುತ್ತಿದ್ದಾನೆ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಆಗಲ್ಲ ಅಣ್ಣ. ಒಗೆಯೋ ಬಟ್ಟೆ ರಾಶಿ ಬಿದ್ದಿದೆ" ಎಂದು ಒಳಗೆ ಹೋಗಿ, ಹೊಟ್ಟೆಗೆ ಭಾರ ಬೀಳದ ಕಡೆ ಹಿಡಿಯನ್ನು ಹಿಡಿದು, ಬಕೇಟಿಗೆ ನೀರು ಹೊಡೆಯತೊಡಗಿದಳು.