ಎಸೆಯುವವನ ಕಣ್ಣು

ಕಂಡನೋ, ಕಾಣಲಿಲ್ಲವೋ — ಕಂಡಿರಬೇಕು, ಕಣ್ಣು ಇತ್ತ ಬಂತಲ್ಲ, ಬಂದು ಅರೆಗಳಿಗೆ ನಿಂತಿತಲ್ಲ, ನಿಂತದ್ದು ನಿಜವೋ ಬಿಸಿಲಿಗೆ ಹಾಗೆ ತೋರಿತೋ, ಅರಬರ ಎಣ್ಣೆಯೂರು ಅಬ್ಕೈಕಿನ ಫೆಬ್ರವರಿ ಬಿಸಿಲಿಗೆ ಅಂಥ ಚುರುಕೂ ಇಲ್ಲ, ನೆಪ ಹೇಳುವುದಕ್ಕೂ ಸಾಲದು ಎಂದುಕೊಳ್ಳುತ್ತ ಸೇಸಪ್ಪ ಮೈದಾನದ ಬಲ ಅಂಚಿನಲ್ಲಿ ಓಟ ನಿಲ್ಲಿಸುತ್ತಾನೆ, ಮೊಣಕಾಲಿಗೆ ಕೈಯೂರುತ್ತಾನೆ. ಚೆಂಡು ಎಡಕ್ಕೆ ಹೋಗಿ, ಇಬ್ಬರ ನಡುವೆ ಸಿಕ್ಕಿಕೊಂಡಿದ್ದ ಫಿಲಿಪೀನಿನವನ ಕೈಗೆ ತಾಗಿ ನೆಲಕ್ಕೆ ಬಿದ್ದಿದೆ, ಎರಡೂ ತುದಿ ಚೂಪಾದ ಅಮೇರಿಕದ ಚೆಂಡು, ಬಿದ್ದಮೇಲೆ ಎತ್ತ ಪುಟಿಯುತ್ತದೆಂದು ಅದಕ್ಕೇ ಗೊತ್ತಿಲ್ಲ. ಇತ್ತ ತನ್ನ ಸುತ್ತ ಒಂದು ನರಪಿಳ್ಳೆಯಿಲ್ಲ, ಎಣ್ಣೆ ಸುರಿದು ಗಟ್ಟಿ ಮಾಡಿದ ಮರಳು, ಅದರ ಮೇಲೆ ಸುಣ್ಣದ ಗೆರೆ, ಬೇಲಿಯಾಚೆ ಗ್ಯಾಸು ಸುಡುವ ಕೊಳವೆಯ ತುದಿಯಲ್ಲಿ ಹಗಲಿಗೆ ಬಣ್ಣಗೆಟ್ಟ ಬೆಂಕಿ. ಎಸೆದವನು ಅಬ್ದುಲ್ ಜಲೀಲ್. ಒಂದೇ ಕೋಣೆಯಲ್ಲಿ ಮಲಗುವವನು, ನಕ್ಷೆ ಬರೆಯುವ ಕಚೇರಿಯಲ್ಲಿ ಪಕ್ಕದ ಮೇಜಿನವನು, ಊರಿನಿಂದ ಒಂದೇ ಬಸ್ಸಿನಲ್ಲಿ ಪುತ್ತೂರಿನ ಕಾಲೇಜಿಗೆ ಹೋಗುತ್ತಿದ್ದವನು, ಇಲ್ಲಿನ ಜಾಮೀನುದಾರ ಕಫೀಲನಿಗೆ ದುಂಬಾಲು ಬಿದ್ದು ಅವನ ವೀಸಾ ಮಾಡಿಸಿಕೊಟ್ಟದ್ದು ಯಾರು, ಬಿಡು, ಅದನ್ನೆಲ್ಲ ಈಗ ಯಾಕೆ, ಅವನ ಕಣ್ಣು ಬಂತು, ನಿಂತಿತು, ಸರಿದುಹೋಯಿತು, ಪ್ರಶ್ನೆ ಅಷ್ಟೇ.

ಆಟ ಕಲಿಸಿದವನು ವಾಲ್ಟರ್, ಕಚೇರಿಯ ಮುಖ್ಯಸ್ಥ, ಟೆಕ್ಸಾಸಿನವನು, ಮೊದಲು ತಾನೇ ಎಸೆಯುತ್ತಿದ್ದ, ಭುಜ ಹಿಡಿದುಕೊಂಡ ಮೇಲೆ ಚೆಂಡನ್ನು ಜಲೀಲನ ಕೈಗೆ ಕೊಟ್ಟು ಗೆರೆಯಾಚೆ ಕುರ್ಚಿ ಹಾಕಿ ಕೂತ. ಕೂತಲ್ಲಿಂದಲೇ ಪಾಠ. ಓಪನ್ ಅಂದರೆ ಸುತ್ತ ಜನವಿಲ್ಲದೆ ನಿಂತವನು ಅಂತ ತಿಳಿಯಬೇಡ ಜಲೀಲ್, ನೀನು ನೋಡುವಾಗ ಖಾಲಿ ಇದ್ದವನು ಚೆಂಡು ತಲುಪುವಾಗ ಖಾಲಿ ಇರುವುದಿಲ್ಲ, ಅವನನ್ನು ಕಾಯುವ ಎದುರಾಳಿಯ ಸೊಂಟ ನೋಡು, ಸೊಂಟ ಸುಳ್ಳು ಹೇಳುವುದಿಲ್ಲ, ಅದು ಅತ್ತ ತಿರುಗಿತೋ, ನಿನ್ನವನು ಇತ್ತ ತಿರುಗುವ ಮೊದಲೇ ಎಸೆದುಬಿಡು, ಬರೀ ಜಾಗಕ್ಕೆ ಎಸೆ, ಅಲ್ಲಿಗೆ ಅವನು ಬಂದು ಸೇರುತ್ತಾನೆಂದು ನಂಬಿ ಎಸೆ. ಮೊದಲು ಒಬ್ಬನನ್ನು ನೋಡು, ಅವನ ದಾರಿ ಮುಚ್ಚಿದ್ದರೆ ಎರಡನೆಯವನು, ಆಮೇಲೆ ಮೂರನೆಯವನು. ಓಡುವವರು ಬಾಯಿ ಬಿಡಕೂಡದು, ಕೂಗಿದರೆ ಕಾಯುವವನಿಗೂ ಕೇಳಿಸುತ್ತದೆ. ಈ ಕೊನೆಯ ಮಾತು ಸೇಸಪ್ಪನಿಗೆ ಎಷ್ಟು ಹಿಡಿಸಿತ್ತು, ಕೊನೆಗೂ ಮಾತಾಡದವನಿಗೆ ಒಂದು ಆಟ ಸಿಕ್ಕಿತು ಎಂದುಕೊಂಡಿದ್ದ, ಎಂಥ ಬೆಪ್ಪು, ಆ ನಿಯಮ ಪಾಲಿಸಿದವನು ತಾನೊಬ್ಬನೇ, ಉಳಿದವರೆಲ್ಲ ಸಂತೆಯಲ್ಲಿ ಮೀನು ಮಾರುವವರ ಹಾಗೆ ಅರಚುತ್ತಾರೆ, ಚೆಂಡು ಅರಚಿದವರ ಕಡೆಗೇ ಹೋಗುತ್ತದೆ. ತಾನು ನಾಲ್ಕನೆಯವನು. ಮೂವರ ದಾರಿಯೂ ಮುಚ್ಚಿದ್ದರೆ ನೋಡುವ ನಾಲ್ಕನೆಯವನು. ತನ್ನನ್ನು ಕಾಯಬೇಕಾದ ಪೇಶಾವರದ ರಹಮತ್ ಖಾನ್ ಮೊದಲ ವಾರವೇ ಕೈಕೊಡವಿದ, ಛೋಡೋ ಯಾರ್, ಇಸ್ಕೋ ಕೌನ್ ದೇತಾ ಹೈ, ಇವನಿಗೆ ಯಾರು ಕೊಡುತ್ತಾರೆ ಎಂದು ಬೇರೆಯವರನ್ನು ಹಿಡಿಯಲು ಓಡಿದ. ಹಾಗಾಗಿ ಸೇಸಪ್ಪ ಪ್ರತಿ ಶುಕ್ರವಾರವೂ ಓಪನ್. ಯಾರೂ ಎಸೆಯುವುದಿಲ್ಲವೆಂದು ಯಾರೂ ಕಾಯುವುದಿಲ್ಲ, ಯಾರೂ ಕಾಯದವನಿಗೆ ಎಸೆಯಬೇಕೆಂದು ಯಾರಿಗೂ ತೋಚುವುದಿಲ್ಲ.

ಬುಧವಾರವೂ ಆ ಕಣ್ಣು ಹೀಗೇ ಬಂದಿತ್ತು. ಪಂಪ್‌ಹೌಸಿನ ನಕ್ಷೆಯಲ್ಲಿ ಒಂದೇ ದಿಕ್ಕಿಗೆ ಹರಿಯಬಿಡಬೇಕಾದ ವಾಲ್ವನ್ನು ಯಾರೋ ತಿರುಗಿಸಿ ಬರೆದಿದ್ದರು, ಹಾಗೇ ಕಟ್ಟಿದ್ದರೆ ಕೊಳವೆ ಸೀಳುತ್ತಿತ್ತು, ಸೇಸಪ್ಪ ಕಂಡ, ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿದ, ಜಲೀಲನಿಗೂ ತೋರಿಸಿದ, ಅಬ್ಬ, ನಿಮ್ಮ ಕಣ್ಣು ಎಂತದು ಸೇಸಪ್ಪಣ್ಣ, ಕೊಡಿ, ನಾನು ಆ ಕಡೆಗೇ ಹೋಗುವುದು ಎಂದು ಅವನೇ ವಾಲ್ಟರನ ಮೇಜಿಗೆ ಒಯ್ದ. ಮಧ್ಯಾಹ್ನ ವಾಲ್ಟರ್ ನಕ್ಷೆ ಹಿಡಿದುಕೊಂಡೇ ಬಂದ, ಈ ತಪ್ಪನ್ನು ಯಾರು ಹಿಡಿದದ್ದು? ಜಲೀಲನ ಕಣ್ಣು ತನ್ನ ಕಡೆ ಬಂತು, ನಿಂತಿತು, ಸರಿಯಿತು. ನಾನು ಸರ್, ಎಂದ ಜಲೀಲ್. ಸೇಸಪ್ಪ ಪೆನ್ಸಿಲು ಹೆರೆಯುತ್ತಿದ್ದ, ಹೆರೆಯುತ್ತಲೇ ಇದ್ದ, ಮೊನೆ ಮುರಿಯಿತು, ಮತ್ತೆ ಹೆರೆದ. ಎಣ್ಣೆಯ ರೇಟು ಬಿದ್ದಿದೆ, ನಿಮ್ಮಿಬ್ಬರಲ್ಲಿ ಒಬ್ಬನನ್ನು ಮಾತ್ರ ಇಟ್ಟುಕೊಳ್ಳಬಹುದು ಎಂದು ವಾಲ್ಟರ್ ಹೇಳಿ ಆಗಲೇ ವಾರವಾಗಿತ್ತು. ಉಳಿದವನಿಗೆ ಹೆಂಡತಿಯನ್ನು ಕರೆಸಲು ಇಕಾಮಾ, ವಾಸದ ಪರವಾನಗಿ. ಊರಿನಿಂದ ಹೆಂಡತಿ ವಾರಿಜಾಕ್ಷಿ ಮಾತು ತುಂಬಿ ಕಳಿಸಿದ ಕ್ಯಾಸೆಟ್ಟಿನಲ್ಲಿ ಕೇಳುತ್ತಾಳೆ, ಅಲ್ಲಿ ಕಡೆಯುವ ಕಲ್ಲು ಸಿಗ್ತದಾ, ಇಲ್ಲಿಂದ ತರ್ಬೇಕಾ, ವಿಮಾನದಲ್ಲಿ ಕಲ್ಲು ಬಿಡ್ತಾರಾ, ಹಿಂದೆಲ್ಲೋ ಕೋಳಿ ಕೂಗುತ್ತದೆ, ಮತ್ತೆ, ನೀವು ಎಂತಾದ್ರೂ ಮಾತಾಡಿ ಕಳಿಸಿ ಮಾರಾಯ್ರೆ, ಹೋದ ಸಲದ್ದರಲ್ಲಿ ಬರೀ ಫ್ಯಾನಿನ ಶಬ್ದ ಇತ್ತು. ಅವಳಿಗೆ ಹೇಗೆ ಹೇಳುವುದು, ಫ್ಯಾನು ತಿರುಗುತ್ತಿದ್ದಷ್ಟು ಹೊತ್ತೂ ತಾನು ಬಾಯಿ ತೆರೆದುಕೊಂಡೇ ಕೂತಿದ್ದೆನೆಂದು.

ಎಂತ ಸೇಸಪ್ಪಣ್ಣ, ಜಲೀಲ್ ಬೆವರೊರೆಸುತ್ತ ಬಂದಿದ್ದಾನೆ, ಮದುವೆಮನೆಯಲ್ಲಿ ಊಟಕ್ಕೆ ಕರೀಲಿ ಅಂತ ನಿಂತವರ ಹಾಗೆ ನಿಂತಿದ್ದೀರಿ, ಕೈ ಎತ್ತಬಾರದಾ? ಕೂಗಬಾರದು ಅಂತ ವಾಲ್ಟರೇ ಹೇಳಿದ್ದಲ್ವಾ ಮಾರಾಯ, ಎನ್ನುತ್ತಾನೆ ಸೇಸಪ್ಪ. ಅವರು ಹೇಳ್ತಾರೆ, ಕೂಗದಿದ್ರೆ ಇಲ್ಲಿ ಆಗ್ಲಿಕ್ಕುಂಟಾ? ನೀನು ನನ್ನನ್ನು ನೋಡ್ಲಿಲ್ವಾ? ಎಲ್ಲಿ ನೋಡುವುದು, ನಾಲ್ಕು ಜನ ಮೈಮೇಲೆ ಬರುವಾಗ? ನಗುತ್ತಾನೆ, ಹಲ್ಲು ಬೆಳ್ಳಗಿದೆ, ನಗುವಿನಲ್ಲಿ ಕಳ್ಳತನ ಹುಡುಕಿದರೆ ಸಿಗುವುದಿಲ್ಲ. ಯಲ್ಲಾ, ಇದೊಂದು ಮುಗಿಸುವ, ನನಗೆ ಜುಮಾ ನಮಾಜಿಗೆ ಮೊದಲು ಸ್ನಾನ ಆಗ್ಬೇಕು.

ನೋಡಿಲ್ಲದಿರಬಹುದು, ಮೈಮೇಲೆ ಜನ ಬಿದ್ದಾಗ ಯಾರಿಗೆ ಏನು ಕಾಣುತ್ತದೆ, ಬುಧವಾರವೂ ಬಾಯಿತಪ್ಪಿ ಬಂದ ಮಾತಿರಬಹುದು, ಆಮೇಲೆ ತಿದ್ದಿಕೊಳ್ಳಲು ನಾಚಿಕೆಯಾಗಿರಬಹುದು, ಕಾಣದವನನ್ನು ಕ್ಷಮಿಸಬಹುದಲ್ಲ, ಎನ್ನುತ್ತಲೇ ಸೇಸಪ್ಪ ಓಡುತ್ತಿದ್ದಾನೆ. ರಹಮತ್ ಖಾನ್ ಅವನ ಕಡೆ ತಿರುಗಿಯೂ ನೋಡದೆ ನಡುವಿಗೆ ಹೋಗುತ್ತಾನೆ. ಜಲೀಲ್ ಹಿಂದೆ ಸರಿಯುತ್ತಾನೆ, ಮೊದಲನೆಯವನಿಗೆ ಇಬ್ಬರು ಅಂಟಿದ್ದಾರೆ, ಎರಡನೆಯವನು ಜಾರಿ ಬಿದ್ದ, ಮೂರನೆಯವನು ಇಲ್ಲಿ ಇಲ್ಲಿ ಎಂದು ಅರಚಿದ್ದರಿಂದಲೇ ಮುತ್ತಿಕೊಂಡರು, ಈಗ ತಾನು ಬಿಳಿ ಗೆರೆಯ ಬಳಿ ಒಳಕ್ಕೆ ತಿರುಗಬೇಕು, ಇನ್ನೂ ತಿರುಗಿಲ್ಲ, ಭುಜದ ಮೇಲಿಂದ ನೋಡಿದರೆ ಚೆಂಡು ಆಗಲೇ ಗಾಳಿಯಲ್ಲಿದೆ. ತನ್ನ ಕಡೆಗಲ್ಲ, ತಾನು ತಲುಪಬೇಕಾದ ಖಾಲಿ ಜಾಗಕ್ಕೆ. ತಿರುಗುತ್ತಾನೆ, ನಾಲ್ಕು ಹೆಜ್ಜೆ, ಚೆಂಡು ಎದೆಗೆ ಬಂದು ಒಪ್ಪವಾಗಿ ಕೂರುತ್ತದೆ, ಗೆರೆ ದಾಟಿದ್ದಾನೆ, ಎಲ್ಲರೂ ಕೂಗುತ್ತಿದ್ದಾರೆ, ರಹಮತ್ ಖಾನ್ ತಲೆಯ ಮೇಲೆ ಕೈಹೊತ್ತಿದ್ದಾನೆ. ಸಂತೋಷ ಬರುವ ಮೊದಲೇ ಇನ್ನೊಂದು ಬಂತು — ತಿರುಗುವ ಮೊದಲೇ ಎಸೆದನಲ್ಲ, ತಾನು ಎಲ್ಲಿ ತಿರುಗುತ್ತೇನೆ, ಎಷ್ಟು ಬೇಗ ಓಡುತ್ತೇನೆ ಎಲ್ಲವೂ ಅವನಿಗೆ ಗೊತ್ತಿತ್ತಲ್ಲ, ನೋಡದವನಿಗೆ ಇದು ಗೊತ್ತಿರುವುದಿಲ್ಲ, ವಾರವಾರವೂ ನೋಡಿ ಬಿಟ್ಟವನಿಗೆ ಮಾತ್ರ ಗೊತ್ತಿರುತ್ತದೆ. ಕಂಡಿದ್ದ. ಪ್ರತಿ ಶುಕ್ರವಾರ ಕಂಡಿದ್ದ. ಬುಧವಾರ ಕಂಡೇ ಹೇಳಿದ್ದ.

ವಾಲ್ಟರ್ ಕುರ್ಚಿಯಿಂದೆದ್ದು ಬರುತ್ತಿದ್ದಾನೆ, ಬಂದವನು ಜಲೀಲನ ಹೆಗಲಿಗೆ ಕೈಹಾಕುತ್ತಾನೆ. ನೋಡಿದಿರಾ, ಯಾರೂ ಲೆಕ್ಕಕ್ಕೆ ಹಿಡಿಯದ ನಾಲ್ಕನೆಯವನನ್ನು ನೋಡಿದನಲ್ಲ, ಕಣ್ಣು ಅಂದರೆ ಇದು, ಮೊನ್ನೆ ಆ ವಾಲ್ವನ್ನೂ ಇವನೇ ಹಿಡಿದದ್ದು, ನನಗೆ ಕಚೇರಿಯಲ್ಲಿ ಬೇಕಾದದ್ದು ಇಂಥವನು. ಆಮೇಲೆ ಇತ್ತ ತಿರುಗಿ, ನಿಜವಾದ ಮರುಕದಿಂದಲೇ, ಒಳ್ಳೆಯ ಕೈ ಸೇಸ್, ನಿನಗೆ ನಾನೊಂದು ಒಳ್ಳೆಯ ಸರ್ಟಿಫಿಕೇಟು ಬರೆದುಕೊಡುತ್ತೇನೆ, ಊರಿನಲ್ಲಿ ಉಪಯೋಗಕ್ಕೆ ಬರುತ್ತದೆ. ಸುತ್ತ ಗದ್ದಲ ಸಣ್ಣಗಾಗುತ್ತದೆ. ವಾಲ್ಟರನ ತೋಳಿನ ಕೆಳಗಿನಿಂದ ಜಲೀಲನ ಕಣ್ಣು ಬರುತ್ತದೆ, ಸೇಸಪ್ಪನ ಮೇಲೆ ನಿಲ್ಲುತ್ತದೆ, ಈ ಸಲ ಸರಿಯುವುದಿಲ್ಲ, ಕಾಯುತ್ತದೆ, ಅದರಲ್ಲಿ ಹೆದರಿಕೆಯಿದೆ, ಒಂದೇ ಒಂದು ಮಾತಿಗೆ ಎಲ್ಲ ತಲೆಕೆಳಗಾಗುತ್ತದೆಂಬುದು ಅವನಿಗೂ ಗೊತ್ತು, ಆ ಕಣ್ಣು, ನಿಂತ ಕಣ್ಣು, ಸರಿಯದ ಕಣ್ಣು —

ಆ ತಪ್ಪನ್ನು ಹಿಡಿದದ್ದು ನಾನು ಎಂದು ಸೇಸಪ್ಪ ಹೇಳಲಿಲ್ಲ.