ಮೊದಲ ಲಾಂಚಿನ ಮಾಲೀಕ

ಹೊಳೆಯ ಈ ದಡದಲ್ಲಿ ಮನೆ, ಆ ದಡದಲ್ಲಿ ಕೆಲಸ. ನಮ್ಮ ಕ್ಷೌರದಂಗಡಿಯವನ ಸಂಸಾರ ನಡೆಯುತ್ತಿದ್ದುದೇ ಹೀಗೆ. ಅವನ ಅಂಗಡಿ ಆಚೆ ದಡದ ಆಸ್ಪತ್ರೆಯ ಎದುರಿಗೆ. ಹೆಂಡತಿ ಅದೇ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕಡೆ ಕೆಲಸಕ್ಕಿದ್ದಳು. ಅವಳದು ಬೆಳಗಿನ ಪಾಳಿ. ಸೇತುವೆ ಸುತ್ತಿಕೊಂಡು ಹೋದರೆ ಅರ್ಧ ಪಾಳಿ ದಾರಿಯಲ್ಲೇ ಕಳೆಯುತ್ತದೆ. ನಸುಕಿನಲ್ಲಿ ಹೊಳೆ ದಾಟಿಸುವ ಮೊದಲ ಲಾಂಚ್ ಇಲ್ಲದಿದ್ದರೆ ಅವಳಿಗೆ ಆ ಕೆಲಸವೂ ಇಲ್ಲ.

ಲಾಂಚ್ ಓಡಿಸುತ್ತಿದ್ದುದು ಒಂದು ಖಾಸಗಿ ಕಂಪನಿ. ಇಂಜಿನ್‌ಗಳು ಹಳತಾಗಿ, ಕಂಪನಿ ಬಾಗಿಲು ಹಾಕುವ ಹಂತಕ್ಕೆ ಬಂದಾಗ ಸರ್ಕಾರ ಅದರ ಒಂದಷ್ಟು ಷೇರು ಕೊಂಡಿತು. ರೇಡಿಯೊದಲ್ಲಿ ಸುದ್ದಿ ಕೇಳಿದ್ದೇ ತಡ, ಗಿರಾಕಿಯ ಕೆನ್ನೆಗೆ ನೊರೆ ಹಚ್ಚುತ್ತಿದ್ದ ನಮ್ಮವನು ಬೀಗಿ ಹೋದ.

"ಸರ್ಕಾರದ ದುಡ್ಡು ಅಂದ್ರೆ ಯಾರ ದುಡ್ಡು? ನಮ್ಮದು! ಅಂದ್ಮೇಲೆ ಲಾಂಚ್ ಯಾರದು? ನಮ್ಮದು! ಸ್ವಂತ ಮನೆ ಮೆಟ್ಟಿಲು ಹತ್ತೋಕೆ ಯಾರಾದ್ರೂ ಟಿಕೆಟ್ ತಗೋತಾರೇನ್ರೀ?"

ಕುತ್ತಿಗೆಯ ಮೇಲೆ ಕತ್ತಿ ಇದ್ದ ಗಿರಾಕಿ ಇಲ್ಲವೆನ್ನುವ ಧೈರ್ಯ ಮಾಡಲಿಲ್ಲ.

ಮೊದಲ ಲಾಂಚ್ ಹೊರಡುವ ಹೊತ್ತಿಗೆ ಟಿಕೆಟ್ ಕಿಟಕಿ ತೆರೆದಿರುವುದಿಲ್ಲ. ಟಿಕೆಟ್ ಅಕ್ಕ ಲಾಂಚಿನೊಳಗೇ ಹರಿದು ಕೊಡುತ್ತಾಳೆ. ಮರುದಿನ ಅವಳು ಎದುರಿಗೆ ಬಂದಾಗ ನಮ್ಮವನು ಕಾಲ ಮೇಲೆ ಕಾಲು ಹಾಕಿ, "ಮಾಲೀಕರನ್ನ ಟಿಕೆಟ್ ಕೇಳ್ತೀಯಲ್ಲಮ್ಮ!" ಎಂದ. ಎಲ್ಲರೂ ನಕ್ಕರು. ನಕ್ಕವರೆಲ್ಲ ಒಬ್ಬೊಬ್ಬರಾಗಿ ಮಾಲೀಕರಾದರು. ಟಿಕೆಟ್ ಅಕ್ಕ ಒಬ್ಬಳೇ ಎಷ್ಟು ಜನರ ಜೊತೆ ಜಗಳ ಆಡಿಯಾಳು? ಹೆಂಡತಿ ಚೀಲಕ್ಕೆ ಕೈ ಹಾಕಿದರೂ ಗಂಡ ಬಿಡುತ್ತಿರಲಿಲ್ಲ, "ಮಾಲೀಕನ ಹೆಂಡ್ತಿ ಕಣೇ ನೀನು" ಎನ್ನುತ್ತಿದ್ದ.

ಆ ದಿನಗಳಲ್ಲೇ ಇನ್ನೊಂದು ಸಂಗತಿ ನಡೆಯಿತು. ಅಂಗಡಿಗೆ ಎರಡನೇ ಕುರ್ಚಿ ಹಾಕಿಸಲು ಬಂಡವಾಳ ಕೊಟ್ಟಿದ್ದವನು ಅವನ ಬಾಮೈದ. ಅವನು ಒಂದು ಮಧ್ಯಾಹ್ನ ಬಂದು ಕ್ಷೌರ ಮಾಡಿಸಿಕೊಂಡು, ಕನ್ನಡಿ ನೋಡಿ, ಹಾಗೇ ಹೊರಟ.

"ಏಯ್, ದುಡ್ಡೆಲ್ಲೋ?"

"ಭಾವ, ಅಂಗಡೀಲಿ ನಂದೂ ಪಾಲಿದೆ!"

"ಪಾಲು ಬೇರೆ, ಕೂಲಿ ಬೇರೆ ಕಣೋ. ಲಾಭ ಬಂದ್ರೆ ಹಂಚ್ಕೊಳ್ಳೋಣ, ವ್ಯಾಪಾರ ಹೇಗಿದೆ ಅಂತ ಕೇಳು, ಹೇಳ್ತೀನಿ. ಪಾಲುದಾರರೆಲ್ಲ ಬಿಟ್ಟಿ ಕ್ಷೌರ ಮಾಡಿಸ್ಕೊಂಡ್ರೆ ಅಂಗಡಿ ಉಳಿಯುತ್ತಾ?"

ಊಟದ ಡಬ್ಬಿ ತಂದಿದ್ದ ಹೆಂಡತಿ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡಳು.

ಸ್ವಲ್ಪ ದಿನಕ್ಕೆ ಲಾಂಚಿನ ಕಂಬಕ್ಕೆ ಒಂದು ನೋಟಿಸ್ ಅಂಟಿತು. ಮೊದಲ ಲಾಂಚಿಗೆ ಪ್ರಯಾಣಿಕರಿಲ್ಲ, ಬರುವ ತಿಂಗಳಿಂದ ಅದು ನಿಲ್ಲುತ್ತದೆ.

ತನ್ನ ಕೆಲಸಕ್ಕೆ ಇನ್ನೆಷ್ಟು ದಿನ ಉಳಿದಿದೆ ಎಂದು ಹೆಂಡತಿ ಬೆರಳೆಣಿಸಿದಳು. ನಮ್ಮವನು ಮಾತ್ರ ಗುಡುಗಿದ. "ಪ್ರಯಾಣಿಕರಿಲ್ವಾ? ನಿಲ್ಲೋಕೂ ಜಾಗ ಇಲ್ಲ ಇಲ್ಲಿ! ಕಣ್ಣು ಕಾಣಲ್ವಾ ಅವರಿಗೆ?"

"ಅವರಿಗೆ ಜನ ಕಾಣಲ್ಲ ಅಣ್ಣ, ಹರಿದ ಟಿಕೆಟ್ ಕಾಣುತ್ತೆ," ಎಂದಳು ಟಿಕೆಟ್ ಅಕ್ಕ. "ಜನ ಇದ್ದಾರೆ ಅಂತ ನಾನು ಹೇಳಿದ್ರೆ, ದುಡ್ಡೆಲ್ಲಿ ಅಂತಾರೆ."

"ಸರ್ಕಾರ ಇದೆಯಲ್ಲ! ಅದು ಹಾಗೆಲ್ಲ ನಿಲ್ಲಿಸೋಕೆ ಬಿಡುತ್ತಾ?"

"ಸರ್ಕಾರ ತಗೊಂಡಿರೋದು ಒಂದು ಪಾಲು, ಇಡೀ ಕಂಪನಿ ಅಲ್ಲ. ಲಾಭ ಆದ್ರೆ ಅದಕ್ಕೂ ಪಾಲು, ನಷ್ಟ ಆದ್ರೆ ನಾವು ಕಟ್ಟಿದ ತೆರಿಗೆಗೇ ಏಟು. ಸರ್ಕಾರ ಕೈ ಹಾಕಿದೆ ಅಂದ ಮಾತ್ರಕ್ಕೆ ಕಂಪನಿ ಗಟ್ಟಿ ಅಂತ ಅಲ್ಲ."

ಹೆಂಡತಿ ಗಂಡನ ಕಡೆ ತಿರುಗಿದಳು. "ರೀ, ಪಾಲು ಬೇರೆ, ಕೂಲಿ ಬೇರೆ ಅಂದೋರು ಯಾರು? ನನ್ನ ತಮ್ಮನ ಹತ್ರ ಕ್ಷೌರದ ದುಡ್ಡು ಬಿಡದೆ ವಸೂಲಿ ಮಾಡಿದ್ರಿ. ಇಲ್ಲಿ ನೀವೇ ಬಿಟ್ಟಿ ಮಾಲೀಕರಾಗಿ ನನ್ನ ಕೆಲಸಕ್ಕೇ ಕತ್ತರಿ ಹಾಕಿದ್ರಿ!"

ನಮ್ಮವನ ಮುಖ ಹುಳ್ಳಗಾಯಿತು. ಹೊಳೆಯ ಕಡೆ ತಿರುಗಿ ನಿಂತ. ಹೆಂಡತಿ ಕಣ್ಣೊರೆಸಿಕೊಳ್ಳುವುದು ಕಂಡಾಗ ಅವನಿಗೆ ನಿಜಕ್ಕೂ ಸಂಕಟವಾಯಿತು.

"ಈಗೇನು ಮಾಡೋದಮ್ಮ?" ಎಂದು ಟಿಕೆಟ್ ಅಕ್ಕನನ್ನೇ ಕೇಳಿದ.

"ಮೊದಲು ಟಿಕೆಟ್ ತಗೊಳ್ಳಿ. ಆಮೇಲೆ ನೋಟಿಸ್‌ನ ಕೊನೇ ಸಾಲು ಓದಿ. ಕಂಪನಿಯ ಆಡಳಿತ ಮಂಡಳೀಲಿ ಸರ್ಕಾರದ ಪರವಾಗಿ ಒಬ್ಬ ಮೇಡಂ ಕೂರ್ತಾರೆ. ಶನಿವಾರ ಲಾಂಚ್ ನಿಲ್ಲೋ ಕಟ್ಟೆಗೆ ಬಂದು ಜನರ ಮಾತು ಕೇಳ್ತಾರಂತೆ. ನೀವು ನಿಜವಾಗ್ಲೂ ಪಾಲುದಾರರಾದ್ರೆ ಅಲ್ಲಿ ಬಾಯಿಬಿಡಿ."

ಶನಿವಾರ ಕಟ್ಟೆಯ ತುಂಬ ಜನ. ಆಸ್ಪತ್ರೆಯ ಆಯಾಗಳು, ತರಕಾರಿಯವರು, ಕಾವಲುಗಾರರು. ದಿನವಿಡೀ ಬಾಯಿ ಮುಚ್ಚದ ಕ್ಷೌರಿಕನಿಗೆ ಅಂದು ನಾಲಿಗೆಯೇ ಹೊರಳಲಿಲ್ಲ. ಹೆಂಡತಿ ಮೊಣಕೈಯಿಂದ ತಿವಿದ ಮೇಲೆ ಎದ್ದು ನಿಂತ.

"ಮೇಡಂ, ಮೊದಲ ಲಾಂಚ್ ಖಾಲಿ ಅಲ್ಲ. ಖಾಲಿ ಅನ್ನೋ ಹಾಗೆ ಮಾಡಿದ್ದು ನಾನು. ಸರ್ಕಾರ ಷೇರು ತಗೊಂಡ್ರೆ ಟಿಕೆಟ್ ಬೇಡ ಅಂತ ಜನಕ್ಕೆ ತಲೆ ತುಂಬಿದೋನು ನಾನೇ. ಇವತ್ತು ಎಲ್ಲರ ಕೈಯಲ್ಲೂ ಟಿಕೆಟ್ ಇದೆ, ನೋಡಿ."

ಜನ ಟಿಕೆಟ್ ಹಿಡಿದು ಕೈ ಎತ್ತಿದರು.

ಅವನಿಗೆ ಧೈರ್ಯ ಬಂತು. "ಇನ್ನು ನಮ್ಮದೂ ಒಂದೆರಡು ಪ್ರಶ್ನೆ. ನಮ್ಮ ತೆರಿಗೆ ದುಡ್ಡಲ್ಲಿ ಈ ಷೇರು ಯಾಕೆ ತಗೊಂಡ್ರಿ? ಹೊಸ ಇಂಜಿನ್ ಯಾವಾಗ ಬರುತ್ತೆ? ಮಂಡಳೀಲಿ ನಮ್ಮ ಮಾತು ಆಡೋರು ಯಾರು?"

ಮೇಡಂ ನಕ್ಕರು. "ಆಡೋಕೆ ನಾನಿದ್ದೀನಿ. ಆದ್ರೆ ಅಲ್ಲಿ ನಂದು ಒಂದೇ ವೋಟು, ಮಾತು ಕೊಡೋಕಾಗಲ್ಲ. ಇಂಜಿನ್ ವಿಷಯ ಬರವಣಿಗೇಲಿ ತಿಳಿಸ್ತೀನಿ. ಷೇರು ತಗೊಂಡಿದ್ದೇ ನಿಮ್ಮ ಓಡಾಟ ನಿಲ್ಲಬಾರದು ಅಂತ. ಇದನ್ನ ಇಷ್ಟು ದಿನ ಯಾರೂ ಕೇಳಿರಲಿಲ್ಲ."

ಮಂಡಳಿ ಸೇರಿತು. ಮೊದಲ ಲಾಂಚನ್ನು ಮಳೆಗಾಲ ಮುಗಿಯುವವರೆಗೆ ಓಡಿಸಿ ನೋಡೋಣ, ಜನ ಟಿಕೆಟ್ ಕೊಂಡರೆ ಮುಂದುವರಿಸೋಣ ಎಂದು ತೀರ್ಮಾನವಾಯಿತು. ಕಂಬದ ನೋಟಿಸನ್ನು ಟಿಕೆಟ್ ಅಕ್ಕ ತಾನೇ ಕಿತ್ತಳು.

ಮರುದಿನ ನಸುಕಿನಲ್ಲಿ ಅವಳು ಎದುರಿಗೆ ಬಂದು, "ಮಾಲೀಕರೇ, ಟಿಕೆಟ್?" ಎಂದಳು.

"ಎರಡು ಕೊಡಮ್ಮ," ಎಂದ ನಮ್ಮವನು, ಹೆಂಡತಿಯ ಪಕ್ಕ ಸರಿದು ಕೂತು. ಅವಳು ಆ ಎರಡು ಚೀಟಿಗಳನ್ನು ಜೋಪಾನವಾಗಿ ಸೆರಗಿನ ತುದಿಗೆ ಕಟ್ಟಿಕೊಂಡಳು.

ಕೇಳಿದಿರಲ್ಲ, ಅಕ್ಕಂದಿರೇ, ಅಣ್ಣಂದಿರೇ? ಸರ್ಕಾರ ಒಂದು ಕಂಪನಿಯ ಷೇರು ಕೊಂಡರೆ ಅದರಲ್ಲಿ ನೀವು ಕಟ್ಟಿದ ತೆರಿಗೆಯೂ ಇರುತ್ತದೆ. ಅದನ್ನು ಬಿಟ್ಟಿ ಸವಾರಿ ಎಂದುಕೊಳ್ಳಬೇಡಿ. ಸರ್ಕಾರವೇ ಕೊಂಡಿದೆ ಎಂದು ಕಣ್ಣು ಮುಚ್ಚಿ ನಿಮ್ಮ ಉಳಿತಾಯವನ್ನೂ ಅಲ್ಲಿ ಸುರಿಯಬೇಡಿ. ಯಾಕೆ ಕೊಂಡಿರಿ, ಎಷ್ಟಕ್ಕೆ ಕೊಂಡಿರಿ, ನಮ್ಮ ಪರವಾಗಿ ಅಲ್ಲಿ ಕೂತವರು ಯಾರು, ನಮಗೆ ಲೆಕ್ಕ ಒಪ್ಪಿಸುವುದು ಯಾವಾಗ ಎಂದು ಕೇಳಿ. ಮುಂದಿನ ಸಲ ನಿಮ್ಮ ಊರಿನ ಕಂಬಕ್ಕೆ ನೋಟಿಸ್ ಅಂಟಿದಾಗ ಕೊನೇ ಸಾಲಿನವರೆಗೂ ಓದಿ. ನಿಮ್ಮನ್ನು ಕರೆದಿರುವುದು ಅಲ್ಲೇ ಇರಬಹುದು.