ಕುಲುಮೆಯ ಮೂಡಣ ಗೋಡೆ

ಆ ವರ್ಷ ಮೊದಲ ಮಂಜು ಬಿದ್ದ ವಾರದಲ್ಲೇ ಕಮ್ಮಾರ ತನ್ನ ಒಡಹುಟ್ಟಿದ ತಮ್ಮನ ಮುಂದಿನ ಹಲ್ಲು ಉದುರಿಸಿದ. ತಮ್ಮ ಮಾಡಿದ ಮಹಾಪರಾಧವೆಂದರೆ ಬೆಳಿಗ್ಗೆ ಹಾಸಿಗೆಯ ಪಕ್ಕ ನಿಂತು "ಅಣ್ಣಾ, ಬೆಂಕಿ ಹೊತ್ತಿಸ್ಲಾ?" ಎಂದು ಕೇಳಿದ್ದು. ಕಂಬಳಿಯೊಳಗಿಂದ ಒಂದು ಮುಷ್ಟಿ ಹೊರಬಂತು, ಅಷ್ಟೇ. ತಮ್ಮ ಕಡ್ಡಿಯಂಥ ಆಳು, ಎಲ್ಲರೂ ಅವನನ್ನು ಮೊಳೆ ಎಂದೇ ಕರೆಯುತ್ತಿದ್ದರು. ಮೊಳೆ ಗೋಡೆಗೆ ಬಡಿದು ಕುಸಿದು ಕೂತು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಅತ್ತಿಗೆಯ ಮುಖ ನೋಡಿದ. ಹೊಡೆದವನು ಮಗ್ಗುಲು ಬದಲಿಸಿ ಮತ್ತೆ ಹೆಣದ ಹಾಗೆ ಬಿದ್ದುಕೊಂಡ.

"ಉಗಿ, ನುಂಗ್ಬೇಡ," ಎಂದಳು ಅತ್ತಿಗೆ. ನೀರು ತಂದು ಮೈದುನನ ಗದ್ದ ಒರೆಸಿದಳು.

ಅವಳಿಗೆ ಇದು ಹೊಸದೇನಲ್ಲ. ಬೇಸಿಗೆಯಲ್ಲಿ ನೋಡಬೇಕು ಅವಳ ಗಂಡನನ್ನು. ಗಿರಾಕಿಗಳನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸುವವನು, ಬೀದಿಯ ಮಕ್ಕಳಿಗೆ ಹಳೇ ಸರಳು ಬಾಗಿಸಿ ಗಾಲಿ ಮಾಡಿಕೊಡುವವನು, ಹೆಂಡತಿ ಸಮ್ಮಟಿಗೆ ಬೀಸಿದರೆ ಆ ಏಟಿಗೆ ತಾಳ ಸೇರಿಸಿ ಹಾಡುವವನು. ಹಗಲು ಗಿಡ್ಡವಾಗಿ ಮಂಜು ಇಳಿಯಿತೋ, ಆ ಮನುಷ್ಯ ಎಲ್ಲಿಗೆ ಹೋಗುತ್ತಾನೋ ದೇವರೇ ಬಲ್ಲ. ಮೊದಲು ನಿದ್ದೆ, ಆಮೇಲೆ ಮೌನ, ಆಮೇಲೆ ಸಿಟ್ಟು. ತಟ್ಟೆ ಹಾರುತ್ತಿತ್ತು, ಕುರ್ಚಿ ಮುರಿಯುತ್ತಿತ್ತು. ಜನ ಸೋಮಾರಿ ಎಂದರು, ಕುಡುಕ ಎಂದರು. ಕುಡಿದದ್ದಾದರೆ ಬೆಳಿಗ್ಗೆ ಇಳಿಯಬೇಕಲ್ಲ! ಇದು ಇಳಿಯುತ್ತಿದ್ದುದು ಮರಗಳು ಚಿಗುರಿದ ಮೇಲೆಯೇ.

ಏಟಿನ ಭಯ ಅವಳಿಗಿರಲಿಲ್ಲ. ಗಂಡ ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದರೆ ಎದುರು ನಿಂತು ಬಡಿಯುವವಳು ಅವಳೇ, ಆ ತೋಳಿನ ಕಸುವು ಏನೆಂದು ಅವನಿಗೂ ಗೊತ್ತಿತ್ತು. ಅವನು ಒಂದು ಕೊಟ್ಟರೆ ಎರಡು ವಾಪಸ್ಸು ಕೊಟ್ಟದ್ದೂ ಉಂಟು. ಅವಳ ಭಯವೇ ಬೇರೆ. ಅವಳು ಮದುವೆಯಾಗಿ ಬಂದ ವರ್ಷ, ಇಂಥದೇ ಮಂಜಿನ ಒಂದು ಬೆಳಿಗ್ಗೆ, ಮಾವ ಕುಲುಮೆಯ ಬಾಗಿಲಿಗೆ ಒಳಗಿಂದ ಅಗುಳಿ ಹಾಕಿಕೊಂಡರು. ಬಾಗಿಲು ಒಡೆಯುವಷ್ಟರಲ್ಲಿ ಅವರ ಉಸಿರು ನಿಂತಿತ್ತು. ಆ ಮಾವನೂ ಬೇಸಿಗೆಯಲ್ಲಿ ಊರು ನಗಿಸುವವರೇ. ಈಗ ಮಗ ಹಾಸಿಗೆಯಲ್ಲಿ ಬಿದ್ದು "ಅಪ್ಪನೇ ಜಾಣ" ಎಂದು ಗೋಡೆಗೆ ಹೇಳುತ್ತಿದ್ದ. ಈ ಚಳಿಗಾಲ ಇವನನ್ನು ಜೀವಂತ ದಾಟಿಸಬೇಕು ಎಂದು ಅವಳು ಹಲ್ಲು ಕಚ್ಚಿ ನಿರ್ಧರಿಸಿದಳು.

ಅವಳು ರಟ್ಟೆ ಹಿಡಿದಳು, ಮೊಳೆ ಕಾಲು ಹಿಡಿದ. ಒದೆ ತಿನ್ನುತ್ತಲೇ ಇಬ್ಬರೂ ಸೇರಿ ಅವನನ್ನು ಕಬ್ಬಿಣ ಸಾಗಿಸುವ ತಳ್ಳುಗಾಡಿಗೆ ಹೇರಿ ಆಸ್ಪತ್ರೆಗೆ ಒಯ್ದರು. ಡಾಕ್ಟರಮ್ಮ ಮೊದಲು ಮೊಳೆಯ ಬಾಯಿ ನೋಡಿದಳು, ಆಮೇಲೆ ಅಣ್ಣನನ್ನು ಎದುರು ಕೂರಿಸಿಕೊಂಡು ತುಂಬ ಹೊತ್ತು ಮಾತಾಡಿಸಿದಳು.

"ಇದು ಸೋಮಾರಿತನ ಅಲ್ಲ, ಕಾಯಿಲೆ," ಎಂದಳು. "ಬೆಳಕು ಕಮ್ಮಿ ಆಗೋ ಕಾಲದಲ್ಲಿ ಕೆಲವರ ಮನಸ್ಸು ಕುಸಿದುಬಿಡುತ್ತೆ. ಅಳೋ ಬದಲು ಕೆಲವರು ಹೊಡೀತಾರೆ. ಮಾತ್ರೆ ಕೊಡ್ತೀನಿ. ದಿನಾ ಬೆಳಿಗ್ಗೆ ಎದ್ದ ತಕ್ಷಣ ಹೊರಗೆ ಬೆಳಕಲ್ಲಿ ಕೂರಿಸಿ. ಮಂಜಿದ್ರೂ ಸರಿ, ಮನೆಯೊಳಗಿನ ದೀಪಕ್ಕಿಂತ ಅದೇ ಎಷ್ಟೋ ಮೇಲು. ಸಾಯೋ ಮಾತಾಡಿದ್ರೆ ಮಾತ್ರ ಒಂದು ಗಳಿಗೆನೂ ಒಂಟಿ ಬಿಡ್ಬೇಡಿ, ಇಲ್ಲಿಗೆ ಕರ್ಕೊಂಡು ಬನ್ನಿ. ಕೆಲಸ ಮಾಡೋ ಜಾಗದಲ್ಲಿ ಕಿಟಕಿ ಇದೆ ತಾನೇ?"

ಕುಲುಮೆಗೆ ಕಿಟಕಿ! ಮೊಳೆಗೆ ಆ ನೋವಿನಲ್ಲೂ ನಗು ಬಂತು. ಕಬ್ಬಿಣ ಎಷ್ಟು ಕಾದಿದೆ ಎಂದು ಹೇಳುವುದು ಅದರ ಬಣ್ಣ. ಆ ಬಣ್ಣ ನಿಜವಾಗಿ ಕಾಣಬೇಕಾದರೆ ಕತ್ತಲು ಬೇಕು. ಅದಕ್ಕೇ ಅವನ ಅಜ್ಜನ ಕಾಲದಿಂದ ಆ ಕುಲುಮೆಗೆ ಒಂದು ತೂತೂ ಇರಲಿಲ್ಲ. ಒಳಗೆ ಹೊಗೆ ಹಿಡಿದ ನಾಲ್ಕು ಗೋಡೆ, ನಡುವೆ ಕೆಂಡದ ಒಂದು ಕಣ್ಣು. ಕಮ್ಮಾರ ಸೂರ್ಯ ಹುಟ್ಟುವ ಮೊದಲು ಒಳಗೆ ಹೋದರೆ ಮುಳುಗಿದ ಮೇಲೆ ಹೊರಗೆ ಬರುತ್ತಿದ್ದ.

ಮನೆಗೆ ಬಂದು ಅವಳು ಅಂಗಳದಲ್ಲಿ ಮಣೆ ಹಾಕಿದರೆ ಅವನು ಅದನ್ನು ಒದ್ದು ಬೀದಿಗೆ ಎಸೆದ. "ನಾನೇನು ಒಗೆದ ಬಟ್ಟೆನಾ, ಹೊರಗೆ ಹರವೋಕೆ?" ಎಂದು ಕೂಗಾಡಿದ. ಕೊಟ್ಟ ಮಾತ್ರೆಯನ್ನು ಕೆಂಡಕ್ಕೆ ಉಗಿದ. ನೆಟ್ಟಗೆ ಕುಲುಮೆಗೆ ಹೋಗಿ ಕತ್ತಲಲ್ಲಿ ಗೋಡೆಗೊರಗಿ ಕೂತುಬಿಟ್ಟ. ಕೆಲಸವನ್ನೂ ಮಾಡಲಿಲ್ಲ, ಎದ್ದೂ ಬರಲಿಲ್ಲ. ಮಾರನೆಯ ದಿನವೂ ಅದೇ, ಅದರ ಮಾರನೆಯ ದಿನವೂ ಅದೇ. ಕೊನೆಗೆ ಒಂದು ಬೆಳಿಗ್ಗೆ "ಬಾಗಿಲು ಹಾಕ್ಕೊಂಡು ಹೋಗು" ಎಂದ.

ಅಗುಳಿ ಹಾಕಿಕೊಂಡ ಮಾವ ಅವಳ ಕಣ್ಣ ಮುಂದೆ ಬಂದರು, ಆಮೇಲೆ ಪಿತ್ತ ನೆತ್ತಿಗೇರಿತು. ಇವನು ಬೆಳಕಿಗೆ ಬರುವುದಿಲ್ಲ ತಾನೇ? ಅವಳು ಸಮ್ಮಟಿಗೆ ಹೆಗಲಿಗೇರಿಸಿ ಕುಲುಮೆಯ ಹಿಂದೆ ಹೋದಳು, ಕಾಲು ಅಗಲಿಸಿ ನಿಂತು ಮೂಡಣ ಗೋಡೆಗೆ ಒಂದು ಬಿಟ್ಟಳು.

ಮೊದಲ ಏಟಿಗೆ ಗಾರೆ ಉದುರಿತು. ಎರಡನೆಯದಕ್ಕೆ ಇಟ್ಟಿಗೆ ಒಳಗೆ ಹಾರಿತು. ಆಮೇಲೆ ಅವಳು ಎಣಿಸಲಿಲ್ಲ. ಇಷ್ಟು ವರ್ಷ ನುಂಗಿಕೊಂಡಿದ್ದ ಸಿಟ್ಟೆಲ್ಲ ತೋಳಿಗೆ ಬಂದಿತ್ತು. ಹೇಳುವುದಾದರೆ, ಆ ಗೋಡೆಯ ಜಾಗದಲ್ಲಿ ಅವಳಿಗೆ ಆಗಾಗ ಗಂಡನ ಮುಖವೇ ಕಾಣುತ್ತಿತ್ತು, ಆಗೆಲ್ಲ ಏಟು ಇನ್ನಷ್ಟು ಜೋರಾಗುತ್ತಿತ್ತು. ಒಳಗಿನಿಂದ ಕಮ್ಮಾರ ಸರಳು ಹಿಡಿದು ಓಡಿಬಂದ. ಮೊಳೆ ಹಿಂದಿನಿಂದ ಅವನ ಸೊಂಟಕ್ಕೆ ಜೋತುಬಿದ್ದ. ಸರಳು ಬೀಸಿದ್ದು ಅವಳ ಹೆಗಲಿಗೆ ತಗುಲಿತು. ಅವಳು ತಿರುಗಿಯೂ ನೋಡಲಿಲ್ಲ.

"ಬೆಳಕಲ್ಲಿ ಬಣ್ಣ ಮೋಸ ಮಾಡುತ್ತೆ ಕಣೇ! ಕುಲುಮೆ ಹಾಳು ಮಾಡ್ಬಿಟ್ಟೆಯಲ್ಲೇ!"

"ಮನುಷ್ಯನೇ ಹೋದ್ಮೇಲೆ ಬಣ್ಣ ಕಟ್ಕೊಂಡು ನಾನೇನ್ರೀ ಮಾಡ್ಲಿ?"

ಗೋಡೆಯ ನಡುಭಾಗ ಕುಸಿದು ಆಳೆತ್ತರದ ಬಾಯಿ ತೆರೆಯಿತು. ಮಂಜಿನ ಬೆಳ್ಳಗಿನ ಬೆಳಕು ಒಳಗೆ ನುಗ್ಗಿತು. ಕಮ್ಮಾರ ಮುಖ ಮುಚ್ಚಿಕೊಂಡು ನೆಲಕ್ಕೆ ಕುಕ್ಕರಿಸಿ, ಹೊಡೆತ ತಿಂದವನು ತಾನೇ ಎಂಬಂತೆ ಅತ್ತ.

ಅಂದಿನಿಂದ ಅವನು ಒಲ್ಲೆನೆಂದರೂ ಬೆಳಕು ಅವನ ಮೇಲೆ ಬೀಳುತ್ತಿತ್ತು. ಬೆಳಿಗ್ಗೆ ಅವಳು ಎಳೆದು ತಂದು ಆ ಬಾಯಿಯ ಎದುರು ಕೂರಿಸುತ್ತಿದ್ದಳು. ಮಾತ್ರೆ ನುಂಗಿ ನಾಲಿಗೆ ಎತ್ತಿ ತೋರಿಸುವವರೆಗೂ ಮೂಗು ಹಿಡಿದೇ ಇರುತ್ತಿದ್ದಳು. ಬೈಗುಳಕ್ಕೆ ಬೈಗುಳ, ಗುದ್ದಿಗೆ ಗುದ್ದು. ಹೀಗೆ ಕೆಲವು ವಾರ ಕಳೆದ ಮೇಲೆ ಒಂದು ದಿನ ಅವನು ತಾನಾಗಿ ಎದ್ದು ಮುಖ ತೊಳೆದ. ಮೊಳೆಯ ಬಾಯಿಯ ಕಿಂಡಿ ನೋಡಿ "ಇದ್ಯಾರು ಮಾಡಿದ್ದೋ?" ಎಂದ. ಮೊಳೆ "ಬಿದ್ದೆ ಅಣ್ಣಾ" ಎಂದ. ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ಕಮ್ಮಾರ ತಲೆ ತಗ್ಗಿಸಿ ಹೋಗಿ ಕುಲುಮೆ ಹೊತ್ತಿಸಿದ.

ತಪ್ಪಾದದ್ದು ಆಗಲೇ. ಗಂಡ ಎದ್ದನಲ್ಲ ಎಂಬ ಸಂತೋಷದಲ್ಲಿ ಅವಳಿಗೆ ಬಣ್ಣದ ಮಾತು ಮರೆತೇಹೋಯಿತು. ಅವನಿಗೆ ಕಬ್ಬಿಣ ಮುಟ್ಟಿದ ಸಂತೋಷ, ಅವನಿಗೂ ಮರೆಯಿತು. ಅಂದು ಮಂಜು ಬೇಗ ಸರಿದು, ಗೋಡೆಯ ಬಾಯಿಯಿಂದ ಬಿಸಿಲು ನೇರ ಕೆಂಡದ ಮೇಲೆಯೇ ಬಿದ್ದಿತ್ತು. ಅವನು ಕಲ್ಲು ಕೆತ್ತುವ ದಪ್ಪ ಉಳಿಯೊಂದನ್ನು ಕಾಯಿಸುತ್ತಿದ್ದ. ಬಿಸಿಲಿನಲ್ಲಿ ಉಕ್ಕು ಮಂಕಾಗಿ ಕಂಡಿತು.

"ಇನ್ನೂ ಕಾದಿಲ್ಲ, ಒತ್ತೋ," ಎಂದ. ಮೊಳೆ ತಿದಿ ಒತ್ತಿದ, ಗಾಳಿ ನುಗ್ಗಿ ಕೆಂಡ ಬುಸುಗುಟ್ಟಿತು. "ಇನ್ನೂ ಒತ್ತು."

ಉಕ್ಕು ಆಗಲೇ ಹದ ಮೀರಿತ್ತು, ಹಾಗೆ ಕಾದದ್ದು ನೀರು ಮುಟ್ಟಿದರೆ ಪೆಡಸಾಗುತ್ತದೆ. ಅವನು ಅದನ್ನು ನೀರಿಗೆ ಅದ್ದಿ ತೆಗೆದು, ಕಬ್ಬಿಣ ಬಡಿಯುವ ಅಡೆಗಲ್ಲಿನ ಮೇಲಿಟ್ಟ. ಒಂದು ಪೂರಾ ಏಟು ತಿಂದು ತಾಳದ ಹೊರತು ಯಾವ ಉಳಿಯೂ ಆ ಕುಲುಮೆಯಿಂದ ಹೊರಗೆ ಹೋಗುವಂತಿಲ್ಲ, ಅದು ಮನೆತನದ ಕಟ್ಟಳೆ. ಅವಳು ಸಮ್ಮಟಿಗೆ ಎತ್ತಿದಳು. ಎಷ್ಟೋ ದಿನದ ಮೇಲೆ ಗಂಡನ ಎದುರು ನಿಂತಿದ್ದಳು, ಮೈತುಂಬ ಕಸುವು ಹಾಕಿ ಬಿಟ್ಟಳು.

ಉಳಿ ಗಾಜಿನಂತೆ ಸಿಡಿಯಿತು. ಒಂದು ಚೂರು ಅವಳ ಎಡಗಣ್ಣಿಗೆ ನಾಟಿತು.

ಅವಳು ಕಿರುಚಲಿಲ್ಲ. ಕಿರುಚಿದ್ದು ಕಮ್ಮಾರ. ಅವಳ ಬೆರಳಸಂದಿಯಿಂದ ರಕ್ತ ಇಳಿದು ಮೊಣಕೈಯಿಂದ ತೊಟ್ಟಿಕ್ಕುವುದನ್ನು ನೋಡಿ ಹಿಂದೆ ಹಿಂದೆ ಸರಿದ. ಮೊಳೆ ಅತ್ತಿಗೆಯನ್ನು ಅನಾಮತ್ತಾಗಿ ಎತ್ತಿಕೊಂಡು ಹೊರಗೆ ಓಡಿ ಗಾಡಿಯಲ್ಲಿ ಮಲಗಿಸಿ ತಳ್ಳತೊಡಗಿದ. ಅದೇ ಗಳಿಗೆಗೆ ಹಿಂದೆ ಬಾಗಿಲು ಧಡ್ಡೆಂದು ಮುಚ್ಚಿತು. ಅಗುಳಿ ಬಿದ್ದ ಸದ್ದು ಕೇಳಿಸಿತು.

"ನಿಲ್ಲಿಸೋ!"

"ಅತ್ತಿಗೆ, ಕಣ್ಣು! ಮೊದಲು ಆಸ್ಪತ್ರೆಗೆ ಹೋಗೋಣ—"

"ಕಣ್ಣು ಹೋದ್ರೆ ಹೋಗ್ಲಿ! ಒಳಗೆ ಒಬ್ರೇ ಇದಾರೆ!"

ಮೊಳೆ ಹಿಡಿಯಲು ಬಂದ. ಅವಳು ಅವನ ಎದೆಗೆ ಒದ್ದು ಗಾಡಿಯಿಂದ ಉರುಳಿ ಬಿದ್ದಳು, ಎದ್ದು ಗೋಡೆ ತಡವುತ್ತ ಓಡಿದಳು. ಅರ್ಧ ಲೋಕ ಕೆಂಪಾಗಿತ್ತು, ಇನ್ನರ್ಧ ಸುತ್ತುತ್ತಿತ್ತು. ಬಾಗಿಲ ಕಡೆಗೆ ಅವಳು ಹೋಗಲೇ ಇಲ್ಲ. ತಾನೇ ಒಡೆದ ಗೋಡೆಯ ಬಾಯಿಯಿಂದ ಇಟ್ಟಿಗೆ ಎಡವಿಕೊಂಡು ಒಳಗೆ ನುಗ್ಗಿದಳು. ಬಾಗಿಲು ಹಾಕುವ ಅವಸರದಲ್ಲಿ ಆ ಬಾಯಿ ಅವನ ನೆನಪಿನಲ್ಲೇ ಇರಲಿಲ್ಲ.

ಆಗ ಅವನ ಕೈಯಲ್ಲಿ ಏನಿತ್ತೆಂದು ಅವಳು ಮುಂದೆಂದೂ ಯಾರಿಗೂ ಹೇಳಲಿಲ್ಲ. ಅದನ್ನು ಕಿತ್ತು ಬಿಸಾಕಿದಳು. ಅವನ ಕೆನ್ನೆಗೆ ಬಾರಿಸಿದಳು. ಅವನು ಬಿದ್ದ, ಬಿದ್ದವನ ಎದೆಯ ಮೇಲೆ ಮೊಣಕಾಲೂರಿ ಕೂತು ಮತ್ತೆ ಬಾರಿಸಿದಳು. ಅವಳ ಕಣ್ಣಿನ ರಕ್ತ ಅವನ ಮುಖದ ಮೇಲೆ ಸುರಿಯಿತು.

"ನಿನ್ನ ಕಣ್ಣು ತೆಗೆದೆ," ಎಂದು ಅವನು ಬಿಕ್ಕಿದ. "ಬಿಡು ನನ್ನನ್ನ. ಸಾಯ್ಲಿ ಬಿಡು."

"ಕಣ್ಣು ಕಿತ್ಕೊಂಡು ನೀನು ಆರಾಮಾಗಿ ಸತ್ತು ಹೋಗ್ತೀಯಾ? ಅಷ್ಟು ಸುಲಭ ಅಂದ್ಕೊಂಡ್ಯಾ?" ಮದುವೆಯಾದಂದಿನಿಂದ ಇದುವರೆಗೆ ಅವಳು ಗಂಡನನ್ನು ನೀನು ಎಂದಿರಲಿಲ್ಲ. "ದಿನಾ ಬೆಳಿಗ್ಗೆ ಎದ್ದು ಈ ಮುಖ ನೋಡ್ಬೇಕು ನೀನು. ನಾನು ಎಡವಿದ್ರೆ ಹಿಡ್ಕೋಬೇಕು. ಬದುಕಿ ತೀರಿಸೋ, ಬದುಕಿ! ಏಳು ಮೇಲೆ! ಗಾಡಿ ಯಾರು ತಳ್ತಾರೆ?"

ಅವನು ಎದ್ದ. ಗಾಡಿ ತಳ್ಳಿದ. ಆಸ್ಪತ್ರೆಯ ದಾರಿಯುದ್ದಕ್ಕೂ ಬಾಯಿ ಬಡಿದುಕೊಂಡು ಅಳುತ್ತ ತಳ್ಳಿದ, ಗಾಡಿಯೊಳಗಿಂದ ಅವಳು ಒಂದು ಕೈಯಲ್ಲಿ ಅವನ ಅಂಗಿ ಹಿಡಿದುಕೊಂಡೇ ಇದ್ದಳು.

ಕಣ್ಣು ಉಳಿಯಲಿಲ್ಲ. ಅದನ್ನು ನೆನೆದು ಅವಳು ಅತ್ತಳು, ಅವನನ್ನು ಶಪಿಸಿದಳು, ವಾರಗಟ್ಟಲೆ ಮಾತು ಬಿಟ್ಟಳು. ಒಳ್ಳೆಯ ಹೆಂಡತಿ ಎಲ್ಲವನ್ನೂ ಮನ್ನಿಸಿದಳು ಎಂದು ನಾನು ಹೇಳಿದರೆ ಅದು ಶುದ್ಧ ಸುಳ್ಳು. ಅವನನ್ನೂ ಡಾಕ್ಟರಮ್ಮ ಅದೇ ಆಸ್ಪತ್ರೆಯಲ್ಲಿ ಇರಿಸಿಕೊಂಡು ಮಾತ್ರೆ ಬದಲಿಸಿ, ಮನೆಗೆ ಕಳಿಸಿದಳು.

ಬಂದ ಮೇಲೆ ನಡುವೆ ತಡಿಕೆ ಕಟ್ಟಿ ಕುಲುಮೆಯನ್ನು ಎರಡು ಪಾಲು ಮಾಡಿದರು. ಬೆಂಕಿ ಪಡುವಣ ಮೂಲೆಯ ಕತ್ತಲಿಗೆ ಹೋಯಿತು, ಅಡೆಗಲ್ಲು ಗೋಡೆಯ ಬಾಯಿಯ ಬೆಳಕಿಗೆ ಬಂತು. ಬೆಂಕಿಯ ಹತ್ತಿರ ನಿಂತು ಬಣ್ಣ ನೋಡುವವಳು ಈಗ ಅವಳು, ಅದಕ್ಕೆ ಒಂದು ಕಣ್ಣು ಸಾಕು. ಅವಳು ಹೇಳಿದಾಗ ಬೆಳಕಿನಲ್ಲಿ ನಿಂತು ಬಡಿಯುವವನು ಅವನು. ಗಂಡಸು ಹೆಂಡತಿಯ ಕೈಕೆಳಗೆ ಸಮ್ಮಟಿಗೆ ಹೊಡೆಯುತ್ತಾನೆಂದು ಬೀದಿಯವರು ಆಡಿಕೊಂಡರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಬೇಸಿಗೆ ಕಳೆಯಿತು, ಮಳೆ ಕಳೆಯಿತು, ಹಗಲು ಗಿಡ್ಡವಾಯಿತು. ಒಂದು ಬೆಳಿಗ್ಗೆ ಅವಳಿನ್ನೂ ಮಲಗಿದ್ದಾಗ ಯಾರೋ ಭುಜ ಹಿಡಿದು ಅಲುಗಿಸಿದರು. ಕಮ್ಮಾರ ಮಂಚದ ಪಕ್ಕ ನಿಂತಿದ್ದ. ಅವನ ಎರಡೂ ಮುಷ್ಟಿ ಬಿಗಿದಿದ್ದವು.

"ಏಳೇ," ಎಂದ. "ಅದು ಬಂದಿದೆ. ಯಾರನ್ನಾದ್ರೂ ಹೊಡೆದುಬಿಡ್ತೀನಿ, ಇಲ್ಲಾಂದ್ರೆ ನನಗೇ ಏನಾದ್ರೂ ಮಾಡ್ಕೊಂಡುಬಿಡ್ತೀನಿ. ನನ್ನನ್ನ ಒಂಟಿ ಬಿಡ್ಬೇಡ."

ಇಷ್ಟು ವರ್ಷದ ಬಾಳಿನಲ್ಲಿ ಆ ಮನುಷ್ಯ ಬಾಯಿಬಿಟ್ಟು ಸಹಾಯ ಕೇಳಿದ್ದು ಅದೇ ಮೊದಲು. ಅವನಪ್ಪ ಒಮ್ಮೆಯೂ ಕೇಳಿರಲಿಲ್ಲ. ಅವಳು ಕಂಬಳಿ ಒದ್ದು ಎದ್ದಳು, ಅವನ ಕೊರಳಪಟ್ಟಿಗೆ ಕೈ ಹಾಕಿ ಬಿಗಿಯಾಗಿ ಹಿಡಿದು ದರದರನೆ ಬೆಳಕಿಗೆ ಎಳೆದುಕೊಂಡು ಹೋದಳು.